ತಡವೇ ಇಲ್ಲದ ಊರು

ಅಕ್ಕನ ಕುರ್ಚಿಯ ಹಿಂದೆ ಎರಡು ಮೊಳ ದೂರದಲ್ಲಿ ಇನ್ನೊಂದು ಕುರ್ಚಿ ಹಾಕಿದ ದಿನವೇ ಆ ಮನೆಯಲ್ಲಿ ಜಗಳ ಹತ್ತಿಕೊಂಡಿತು. ಪರದೆಯ ಮೇಲೆ ಹೇಗೂ ದಿನಕ್ಕೆ ಹತ್ತು ಗಂಟೆ ಗುಂಡು ಹಾರುತ್ತಿತ್ತು. ಅವತ್ತಿನಿಂದ ಅಡುಗೆಮನೆಯಲ್ಲೂ ಹಾರತೊಡಗಿತು.

ಆ ಕುರ್ಚಿಯಲ್ಲಿ ಬಂದು ಕೂತವಳು ತಂಡದ ಆರನೆಯವಳು. ಹತ್ತೊಂಬತ್ತರ ಹುಡುಗಿ, ಬದಲಿ ಆಟಗಾರ್ತಿ. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗೆ ಸದಾ ಸುಮ್ಮನಿರುತ್ತಿದ್ದಳು, ಅದಕ್ಕೇ ಎಲ್ಲರೂ ಮೌನಗೌರಿ ಎನ್ನುತ್ತಿದ್ದರು. ಕೈಯಲ್ಲೊಂದು ನೋಟ್‌ಬುಕ್ಕು. ಅಕ್ಕ ಒಮ್ಮೆ ಗುರಿ ತಪ್ಪಿದರೆ ಹಿಂದಿನಿಂದ ಪೆನ್ನು ಗೀಚುವ ಸದ್ದು ಬರುತ್ತಿತ್ತು.

“ಸುಮ್ನೆ ನೋಡ್ತಾಳಮ್ಮ. ನಿನ್ನಿಂದ ಕಲ್ತುಕೊಳ್ಳಲಿ ಅಂತ, ಅಷ್ಟೆ,” ಎಂದ ಕೋಚ್.

ಅಷ್ಟೆಯಂತೆ! ಅಲ್ಲ, ಕಿವಿಗೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ? ವೇದಿಕೆಯ ಮೇಲೆ ಇರುವುದು ಐದೇ ಕುರ್ಚಿ. ಆರನೆಯವಳು ಒಬ್ಬರ ಬೆನ್ನ ಹಿಂದೆ ಪುಸ್ತಕ ಹಿಡಿದು ಕೂತಳೆಂದರೆ, ಆ ಬೆನ್ನು ಯಾರದೋ ಅವರ ಜಾಗ ಅಲ್ಲಾಡುತ್ತಿದೆ ಎಂದೇ ಅರ್ಥ. ಅಕ್ಕನಿಗೆ ಇಪ್ಪತ್ತೆಂಟು ವರ್ಷ. ಹಾಲು ಕುಡಿಯುವ ಮಗುವಲ್ಲ.

ಅವರು ಊರು ಬಿಟ್ಟು, ದೇಶ ಬಿಟ್ಟು ಇಷ್ಟು ದೂರ ಬಂದದ್ದು ತರಬೇತಿಗೆ. ಐದು ಜನರ ಎದುರು ಐದು ಜನ ನಿಂತು ಬಂದೂಕಿನಲ್ಲಿ ಹೊಡೆದಾಡುವ ಕಂಪ್ಯೂಟರ್ ಆಟ. ಅದರಲ್ಲಿ ಜಗತ್ತಿನ ಗಟ್ಟಿ ತಂಡಗಳೆಲ್ಲ ಇರುವುದು ಈ ಊರಿನಲ್ಲೇ. ಆರು ವಾರ ಇಲ್ಲೇ ಮನೆ ಹಿಡಿದು, ಅವರ ಜೊತೆ ದಿನವೂ ಆಡಿ, ಪೆಟ್ಟು ತಿಂದು ಕಲಿಯಬೇಕು. ಕೊನೆಗೆ ಇಲ್ಲಿಯೇ ನಡೆಯುವ ದೊಡ್ಡ ಪಂದ್ಯಾವಳಿಯಲ್ಲಿ ಆಡಬೇಕು. ಐದು ಹೆಸರಿನ ಪಟ್ಟಿಯನ್ನು ನಾಲ್ಕನೇ ವಾರದ ಶನಿವಾರ ಸಂಜೆ ಆರರೊಳಗೆ ಕಳಿಸಬೇಕಿತ್ತು. ಕಳಿಸಿದ ಮೇಲೆ ಬದಲಾಯಿಸುವಂತಿಲ್ಲ.

ತಂಡ ಕಟ್ಟಿದ್ದೇ ಅಕ್ಕ. ಅಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವಳು, ಪಾಳಿಯ ಮೇಲೆ ಪಾಳಿ. ಹದಿನೈದರ ಅಕ್ಕ ಆರರ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಮೌಸು ಹಿಡಿದು ಆಟ ಕಲಿತಳು. ಆ ತಮ್ಮ ಪುಟ್ಟ ಈಗ ಹತ್ತೊಂಬತ್ತರವನಾಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಉಳಿದವರು ಗಡ್ಡ, ಸೋಡಾಬುಡ್ಡಿ, ಬಕಾಸುರ. ಅವರನ್ನೂ ಒಬ್ಬೊಬ್ಬರಾಗಿ ಹುಡುಕಿ ತಂದವಳು ಅವಳೇ. ಎದುರಿಗೆ ಎಲ್ಲರೂ “ಅಕ್ಕ” ಎನ್ನುತ್ತಿದ್ದರು. ಇಲ್ಲಿಗೆ ಬಂದ ಎರಡನೇ ವಾರದಿಂದ ಬೆನ್ನ ಹಿಂದೆ “ಅಜ್ಜಿ” ಎನ್ನತೊಡಗಿದರು.

ಅಜ್ಜಿ ಎನ್ನುವುದಕ್ಕೆ ಕಾರಣವಿತ್ತು. ಅವರ ಊರಿನಲ್ಲಿ ಆಡುವಾಗ ಆಟ ನಡೆಸುವ ಸರ್ವರ್ ಯಂತ್ರ ಸಮುದ್ರದಾಚೆ ಎಲ್ಲೋ ಇರುತ್ತಿತ್ತು. ಗುಂಡಿ ಒತ್ತುವುದು ಈಗ, ಗುಂಡು ಸಿಡಿಯುವುದು ಒಂದು ಗಳಿಗೆ ಆಮೇಲೆ. ಕಣ್ಣು ಮಿಟುಕಿಸುವಷ್ಟೂ ಇಲ್ಲದ ಆ ತಡದಲ್ಲೇ ಬದುಕು ಸಾವು ನಿರ್ಧಾರವಾಗುತ್ತಿತ್ತು. ಹಾಗಾಗಿ ಅಲ್ಲಿನವರು ಎದುರಾಳಿ ಇರುವ ಜಾಗಕ್ಕೆ ಹೊಡೆಯುವುದಿಲ್ಲ. ಅವನು ಬಂದು ನಿಲ್ಲುವ ಜಾಗಕ್ಕೆ ಮುಂಚೆಯೇ ಹೊಡೆಯುತ್ತಾರೆ. ಈ ವಿದ್ಯೆಯಲ್ಲಿ ಅಕ್ಕನನ್ನು ಮೀರಿಸಿದವರಿರಲಿಲ್ಲ. ಪರದೆಯ ಮೂಲೆಯಲ್ಲಿ ತಡ ಸೆಕೆಂಡಿನ ಸಾವಿರದ ಎಷ್ಟು ಪಾಲೆಂದು ತೋರಿಸುವ ಸಣ್ಣ ಅಂಕಿಯನ್ನು ಅವಳು ವರ್ಷಗಳ ಹಿಂದೆಯೇ ಮುಚ್ಚಿಬಿಟ್ಟಿದ್ದಳು. ಅದನ್ನು ನೋಡುತ್ತಾ ಕೂತರೆ ತಲೆ ಕೆಡುತ್ತದೆ, ಕೈಯೇ ಹೇಳಬೇಕು ಎನ್ನುತ್ತಿದ್ದಳು.

ಈ ಊರಿನಲ್ಲಿ ಯಂತ್ರ ನಾಲ್ಕು ಬೀದಿಯಾಚೆ ಇತ್ತು. ತಡವೇ ಇಲ್ಲ. ಒತ್ತಿದ ಕ್ಷಣ ಗುಂಡು ಹಾರಿತು. ಅಕ್ಕ ಹದಿಮೂರು ವರ್ಷದ ರೂಢಿಯಂತೆ ಮುಂಚೆ ಒತ್ತಿದಳು, ಗುಂಡು ಖಾಲಿ ಗೋಡೆಗೆ ಬಡಿಯಿತು, ಎದುರಾಳಿ ಆರಾಮಾಗಿ ತಿರುವಿನಿಂದ ಹೊರಬಂದು ಅವಳ ಹಣೆಗೆ ಹೊಡೆದ. ಮೊದಲ ದಿನ ಎಲ್ಲರ ಗತಿಯೂ ಇದೇ ಆಯಿತು. ಪುಟ್ಟ ನಾಲ್ಕು ದಿನದಲ್ಲಿ ಸರಿಹೋದ. ಗಡ್ಡ ವಾರದಲ್ಲಿ. ಬಕಾಸುರನೂ, ತಿನ್ನುವುದು ಬಿಟ್ಟು ಬೇರೆ ಯಾವುದರಲ್ಲೂ ಅವಸರವಿಲ್ಲದ ಆ ಮಹಾನುಭಾವನೂ, ಹತ್ತು ದಿನದಲ್ಲಿ ದಾರಿಗೆ ಬಂದ. ಅಕ್ಕನ ಕೈ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಪ್ರತಿ ಮಧ್ಯಾಹ್ನ ಕೋಚ್ ಗೋಡೆಯ ದೊಡ್ಡ ಪರದೆಯಲ್ಲಿ ಬೆಳಗಿನ ಆಟವನ್ನು ನಿಧಾನಕ್ಕೆ ಓಡಿಸುತ್ತಿದ್ದ. ಅದರಲ್ಲಿ ಮುಕ್ಕಾಲು ಪಾಲು ಅಕ್ಕನ ಮಂಗಳಾರತಿಯೇ.

“ನೋಡಿ, ಇಲ್ಲಿ ಶತ್ರು ಇಲ್ಲ. ಅಕ್ಕ ಹೊಡೆದ್ಲು. ಯಾರಿಗೆ ಹೊಡೆದೆಮ್ಮ? ಗೋಡೆ ಏನು ಪಾಪ ಮಾಡಿತ್ತು?”

ಗಡ್ಡ ನಕ್ಕ. ಸೋಡಾಬುಡ್ಡಿ ಕೆಮ್ಮಿದ ಹಾಗೆ ಮಾಡಿ ನಕ್ಕ. ಪುಟ್ಟ ತಲೆ ತಗ್ಗಿಸಿ ಕಾಲಿನ ಉಗುರು ನೋಡಿಕೊಂಡ. ಅಕ್ಕನಿಗೆ ನಕ್ಕವರಿಗಿಂತ ಆ ತಗ್ಗಿಸಿದ ತಲೆಯ ಮೇಲೆ ಹೆಚ್ಚು ಸಿಟ್ಟು ಬಂತು. ನನಗಾಗಿ ನಾಚಿಕೆಪಡುವಷ್ಟು ದೊಡ್ಡವನಾದನೇ ಇವನು?

ಜಗಳಕ್ಕೆ ನೆಪ ಬೇಕಿರಲಿಲ್ಲ. ಒಣಗಲು ಹಾಕಿದ ಬಟ್ಟೆ ಯಾಕೆ ತೆಗೆದಿಲ್ಲ, ಕಿಟಕಿಗೆ ಅಂಟಿಸಿದ ಕಪ್ಪು ಕಾಗದ ಕಿತ್ತವರು ಯಾರು, ತಟ್ಟೆ ತೊಳೆಯುವ ಸರದಿ ಯಾರದು, ಎಲ್ಲಕ್ಕೂ ಅಕ್ಕ ಹರಿಹಾಯ್ದಳು. ಒಂದು ಬೆಳಿಗ್ಗೆ ಅವಳು ಅಡುಗೆಮನೆಗೆ ಕಾಲಿಡುವಷ್ಟರಲ್ಲಿ ಗಡ್ಡ ಹೇಳುತ್ತಿದ್ದ: “ಅಜ್ಜಿಗೆ ಕನ್ನಡಕ ಅಲ್ಲ ಕಣೋ, ಕೋಲು ಕೊಡಿಸ್ಬೇಕು.”

“ಕೊಡ್ಸು. ಅದೇ ಕೋಲಲ್ಲಿ ನಿನ್ನ ಬೆನ್ನು ಮುರೀತೀನಿ,” ಎಂದಳು ಅಕ್ಕ. “ನಿನ್ನನ್ನ ಯಾವ ತಂಡದವರೂ ಮೂಸಿ ನೋಡದೆ ಇದ್ದಾಗ ಕರ್ಕೊಂಡು ಬಂದವಳು ನಾನು. ನೆನಪಿರಲಿ.”

“ಅದನ್ನ ಎಷ್ಟು ಸಲ ಹೇಳ್ತೀಯಕ್ಕ? ಕೇಳಿ ಕೇಳಿ ಕಿವಿ ತೂತಾಯ್ತು. ಕರ್ಕೊಂಡು ಬಂದೆ, ಸರಿ. ಈಗ ನಿನ್ನನ್ನ ಹೊತ್ಕೊಂಡು ಹೋಗ್ಬೇಕಾ ನಾವು?”

ಅಡುಗೆಮನೆಯಲ್ಲಿದ್ದ ಯಾರೂ ಅವನನ್ನು ತಡೆಯಲಿಲ್ಲ. ಪುಟ್ಟನೂ ಅಲ್ಲೇ ಇದ್ದ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

ಆಮೇಲೆ, ಮೂರನೇ ವಾರದ ನಡುವೆ, ಇದ್ದಕ್ಕಿದ್ದಂತೆ ಎಲ್ಲ ತಿರುಗಿತು. ಒಂದು ಬೆಳಿಗ್ಗೆ ಅಕ್ಕ ಕೂತಳು, ಹೊಡೆದಳು, ತಾಗಿತು. ಇನ್ನೊಂದು, ಅದೂ ತಾಗಿತು. ಅವಳಿಗೇ ನಂಬಿಕೆಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದುರು ತಂಡದ ಅರ್ಧ ಜನರನ್ನು ಅವಳೊಬ್ಬಳೇ ಮಲಗಿಸಿದ್ದಳು. ಕೈ ಕೊನೆಗೂ ಪಾಠ ಕಲಿಯಿತು ಎಂದುಕೊಂಡಳು. ಒಂಬತ್ತು ದಿನ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಸೋತಾಗ ಕಹಿಯಾದವಳು ಗೆದ್ದಾಗ ಸಿಹಿಯಾಗಬೇಕಿತ್ತು ಅಲ್ಲವೇ? ಎಲ್ಲಿ ಬಂತು! ಬಾಕಿ ಉಳಿದದ್ದನ್ನೆಲ್ಲ ಬಡ್ಡಿಸಮೇತ ತೀರಿಸಿದಳು. ಗಡ್ಡನನ್ನು ಎಲ್ಲರೆದುರು “ಏನಪ್ಪಾ, ಕೋಲು ತಂದ್ಯಾ?” ಎಂದು ಕೇಳಿದಳು. ಮೌನಗೌರಿಯ ನೋಟ್‌ಬುಕ್ಕನ್ನು ಕೈಯಿಂದ ಕಿತ್ತು, ತಾನು ತಪ್ಪಿದ ಕಡೆಯೆಲ್ಲ ಹಾಕಿದ್ದ ಕೆಂಪು ಗೀಟುಗಳನ್ನು ಜೋರಾಗಿ ಓದಿದಳು.

“ಪುಸ್ತಕ ತುಂಬ್ತಾ, ತಾಯಿ? ಇನ್ನೊಂದು ತರಿಸ್ಲಾ? ಇಷ್ಟು ದಿನ ನನ್ನ ತಿಥಿ ಲೆಕ್ಕ ಹಾಕ್ತಾ ಕೂತಿದ್ದೆಯಲ್ಲ, ಇನ್ಮೇಲೆ ಹೊರಗಡೆ ಕೂತು ಹಾಕು,” ಎಂದು ಕುರ್ಚಿಯನ್ನು ಎಳೆದು ನಡುಮನೆಯಾಚೆ ಇಟ್ಟಳು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಪುಸ್ತಕ ಎತ್ತಿಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತಳು.

“ಅಕ್ಕ, ಸಾಕು ಬಿಡು,” ಎಂದ ಪುಟ್ಟ.

“ನೀನು ಬಾಯ್ಮುಚ್ಚು. ನನ್ನ ಬೆನ್ನಿಗೆ ನಿಲ್ಲೋಕೆ ಆಗ್ಲಿಲ್ಲ, ಅವಳ ಪರ ವಕಾಲತ್ತು ಬೇರೆ.”

ಅವನು ಏನೋ ಹೇಳಲು ಬಾಯಿ ತೆರೆದವನು ಹೆಡ್‌ಫೋನ್ ಎಳೆದು ಕಿವಿಗೆ ಹಾಕಿಕೊಂಡ.

ಶನಿವಾರ ಬಂತು. ಊರಿನ ಅತಿ ಬಲಿಷ್ಠ ತಂಡದ ಜೊತೆ ಮೂರು ಆಟ. ಅದನ್ನು ನೋಡಿ ಸಂಜೆ ಪಟ್ಟಿ ಕಳಿಸುತ್ತೇನೆಂದು ಕೋಚ್ ಹೇಳಿದ್ದ. ಬೆಳಿಗ್ಗೆಯೇ ಅಕ್ಕನ ಹೆಗಲ ಮೇಲೆ ಕೈಯಿಟ್ಟು, “ಹೀಗೇ ಆಡಿದ್ರೆ ಮೊದಲನೇ ಹೆಸರು ನಿಂದೇ ಕಣಮ್ಮ,” ಎಂದಿದ್ದ.

ಮೊದಲ ಆಟವನ್ನು ಅಕ್ಕ ಒಬ್ಬಳೇ ಗೆಲ್ಲಿಸಿದಳು ಎಂದರೂ ಸುಳ್ಳಲ್ಲ. ಗಡ್ಡ ಕೂಡ ಹೆಡ್‌ಫೋನ್ ಕಿತ್ತು, “ಅಯ್ಯಯ್ಯೋ, ಏನಕ್ಕ ಇದು!” ಎಂದು ಕೂಗಿದ. ಆದರೆ ಎರಡನೇ ಆಟ ಶುರುವಾಗುವ ಮೊದಲು ಎದುರು ತಂಡದ ಕೋಚ್‌ನಿಂದ ತಕರಾರು ಬಂತು. ನಿಮ್ಮಲ್ಲೊಬ್ಬರ ಆಟದ ಬೊಂಬೆ ತಿರುವಿನಲ್ಲಿ ಓಡುವಾಗ ಜಿಗಿಜಿಗಿದು ಕಾಣುತ್ತದೆ, ಯಾರದೋ ಸಂಪರ್ಕದಲ್ಲಿ ತಡವಿದೆ, ಎಲ್ಲರೂ ಅಂಕಿ ನೋಡಿ ಹೇಳಲಿ.

ಕೋಚ್‌ನ ಮೇಜು ನಡುಮನೆಯ ಇನ್ನೊಂದು ತುದಿಯಲ್ಲಿತ್ತು. ಅವನು ಅಲ್ಲಿಂದಲೇ ಕೂಗಿದ: “ಮೂಲೆಯಲ್ಲಿರೋ ಅಂಕಿ ಓದ್ರಪ್ಪಾ, ಒಬ್ಬೊಬ್ರಾಗಿ.”

“ನಾಲ್ಕು,” ಎಂದ ಗಡ್ಡ.

“ಐದು,” ಸೋಡಾಬುಡ್ಡಿ.

“ನಾಲ್ಕು,” ಬಕಾಸುರ, ಬಾಯಲ್ಲಿ ಬಿಸ್ಕತ್ತು.

“ನಾಲ್ಕು,” ಎಂದ ಪುಟ್ಟ. ಅವನ ದನಿ ಕೆಳಗಿತ್ತು.

ಅಕ್ಕ ಮುಚ್ಚಿಟ್ಟಿದ್ದ ಅಂಕಿಯನ್ನು ಹುಡುಕಿ ತೆರೆದಳು. ಪರದೆಯ ಮೂಲೆಯಲ್ಲಿ ಎಪ್ಪತ್ತೆರಡು ಎಂದಿತ್ತು.

ಎಪ್ಪತ್ತೆರಡು. ಅವರ ಊರಿನ ಅಂಕಿ. ಮನೆಯ ಮಹಡಿಯಲ್ಲಿ ಕೂತು ಆಡುವಾಗ ಬರುತ್ತಿದ್ದ ಅಂಕಿ. ಅವಳು ಮತ್ತೊಮ್ಮೆ ನೋಡಿದಳು. ಎಪ್ಪತ್ತೊಂದಾಯಿತು, ಮತ್ತೆ ಎಪ್ಪತ್ತೆರಡಾಯಿತು. ಪಕ್ಕದಲ್ಲಿ ಪುಟ್ಟನ ಕೈ ಕೀಬೋರ್ಡಿನ ಮೇಲೆ ಮರಗಟ್ಟಿತ್ತು. ಆ ಕೈಯನ್ನು ನೋಡಿದ್ದೇ ತಡ, ಅವಳಿಗೆ ಎಲ್ಲ ಅರ್ಥವಾಯಿತು. ಯಂತ್ರ ನಾಲ್ಕು ಬೀದಿಯಾಚೆ ಇರುವಾಗ ಈ ತಡ ಆಕಾಶದಿಂದ ಉದುರಿದ್ದಲ್ಲ. ಯಾರೋ ಅವಳ ಕಂಪ್ಯೂಟರಿನೊಳಗೆ ಕೂರಿಸಿದ್ದರು. ಅವಳ ಕೈ ಏನೂ ಕಲಿತಿರಲಿಲ್ಲ. ಕಲಿಯದ ಕೈಗೆ ತಕ್ಕ ಹಾಗೆ ಊರನ್ನೇ ಸುಳ್ಳು ಮಾಡಿಟ್ಟಿದ್ದರು.

“ಅಕ್ಕ? ನಿಂದೆಷ್ಟು?” ಕೋಚ್ ಕೇಳಿದ.

ಇನ್ನೊಬ್ಬರ ಕಂಪ್ಯೂಟರ್ ಮುಟ್ಟಿ ಏನಾದರೂ ಹಾಕಿದರೆ ಅವತ್ತೇ ಗಂಟುಮೂಟೆ ಕಟ್ಟಿಸುತ್ತೇನೆಂದು ಕೋಚ್ ಮೊದಲ ದಿನವೇ ಹೇಳಿ, ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದ. ಎಪ್ಪತ್ತೆರಡು ಎಂದರೆ ಪುಟ್ಟ ಮನೆಗೆ.

“ನಾಲ್ಕು,” ಎಂದಳು ಅಕ್ಕ.

ಹತ್ತು ನಿಮಿಷ ವಿರಾಮ ಸಿಕ್ಕಿತು. ಅವಳು ತಮ್ಮನ ಅಂಗಿಯ ಕೊರಳಪಟ್ಟಿ ಹಿಡಿದು, ಮೆಟ್ಟಿಲ ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ದರದರ ಎಳೆದುಕೊಂಡು ಹೋದಳು. ಬಾಗಿಲು ಹಾಕಿದಳು. ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು.

“ಯಾವತ್ತಿಂದ?”

“ಅಕ್ಕ, ಕೇಳಿಲ್ಲಿ…”

“ಯಾವತ್ತಿಂದ ಅಂತ ಕೇಳ್ದೆ.”

“ಹೋದ ವಾರದ ಗುರುವಾರದಿಂದ.”

ಅವಳು ಕೆನ್ನೆಗೆ ಬಿಗಿದಳು. ಹದಿಮೂರು ವರ್ಷದಲ್ಲಿ ಅವನ ಮೇಲೆ ಕೈ ಮಾಡಿದ್ದು ಅದೇ ಮೊದಲು. ಅವನು ಕೆನ್ನೆ ಹಿಡಿದುಕೊಂಡು ಅಲ್ಲೇ ನಿಂತ.

“ಅಮ್ಮ ಹೇಳಿದ್ಲು,” ಎಂದ. “ಅಕ್ಕನ್ನ ಬಿಟ್ಟು ನೀನೊಬ್ನೇ ಮುಂದೆ ಹೋಗ್ಬೇಡ ಅಂತ. ದಿನಾ ಫೋನಲ್ಲಿ ಅದೇ. ನಾನೇನು ಮಾಡ್ಲಿ? ಅವರೆಲ್ಲ ನಿನ್ನ ನೋಡಿ ನಗ್ತಿದ್ರು. ನೋಡೋಕಾಗ್ತಿರ್ಲಿಲ್ಲ ನನಗೆ.”

“ನಗ್ತಿದ್ರೆ ಎದ್ದು ನಿಂತು ಸುಮ್ನಿರ್ರೋ ಅನ್ಬೇಕಿತ್ತು! ಅದಕ್ಕೆ ಗಂಡಸ್ತನ ಇರ್ಲಿಲ್ಲ, ಕದ್ದು ಕೈ ಹಾಕೋಕೆ ಇತ್ತಾ?”

“ಪಟ್ಟೀಲಿ ನಿನ್ನ ಹೆಸರು ಬಂದ್ರೆ ಸಾಕು ಅಂದ್ಕೊಂಡೆ. ಆಮೇಲೆ ಹೇಗೋ…”

“ಆಮೇಲೆ? ವೇದಿಕೆ ಮೇಲೆ ಅವರದ್ದೇ ಕಂಪ್ಯೂಟರು. ಸಾವಿರಾರು ಜನರ ಮುಂದೆ ನಾನು ಗೋಡೆಗೆ ಹೊಡೀತಾ ನಿಂತಿರ್ತಿದ್ದೆ. ಅಷ್ಟೂ ಹೊಳೀಲಿಲ್ವಾ ನಿನಗೆ?”

ಹೊಳೆದಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಪಾಪ, ಶನಿವಾರ ಸಂಜೆ ಆರರಾಚೆಗೆ ಅವನ ತಲೆ ಓಡಿಯೇ ಇರಲಿಲ್ಲ. ಅಕ್ಕನಿಗೆ ಕನಿಕರ ಬರಲಿಲ್ಲ.

“ಸೋತಿದ್ದೆ. ನಗ್ಸಿಕೊಂಡಿದ್ದೆ. ಅದನ್ನ ನುಂಗ್ಕೊಳ್ತಿದ್ದೆ ಕಣೋ. ಈ ಒಂಬತ್ತು ದಿನ ಗೆದ್ದೆ ಅಂತ ಕುಣಿದ್ನಲ್ಲ, ಆ ಹುಡುಗಿ ಪುಸ್ತಕ ಕಿತ್ತು ಓದಿದ್ನಲ್ಲ, ಅದನ್ನ ಎಲ್ಲಿ ಇಟ್ಕೊಳ್ಳಲಿ ನಾನು? ನೀನು ಪಕ್ಕದಲ್ಲಿ ಕೂತು ನೋಡ್ತಾನೇ ಇದ್ದೆ.”

“ತಪ್ಪಾಯ್ತಕ್ಕ.”

“ಎಲ್ಲಿದೆ ಅದು?”

“ಬೇಡಕ್ಕ. ಇನ್ನೆರಡು ಆಟ ಅಷ್ಟೆ. ಇವತ್ತು ತೆಗೆದ್ರೆ ನೀನು…”

“ನಾನು ಏನು? ಹೇಳು. ಸೋಲ್ತೀನಾ?”

ಕೊನೆಗೆ ಅವನು, ಪರದೆಯ ಕೆಳಗೆ ಗಡಿಯಾರದ ಪಕ್ಕ ಬೂದುಬಣ್ಣದ ಒಂದು ಚುಕ್ಕೆಯಿದೆ, ಅದನ್ನು ಒತ್ತಿ ಮುಚ್ಚಿದರೆ ಸಾಕು ಎಂದ.

ಅಕ್ಕ ಹಿಂತಿರುಗಿ ಬಂದು ಕೂತಳು. ಚುಕ್ಕೆ ಅಲ್ಲೇ ಇತ್ತು. ಇಷ್ಟು ದಿನ ಕಣ್ಣಿಗೆ ಬಿದ್ದೂ ಬೀಳದಂತೆ ಇತ್ತು. ಮುಚ್ಚಿದಳು. ಎಪ್ಪತ್ತೆರಡು ಹೋಗಿ ನಾಲ್ಕು ಬಂತು. ಬಿಟ್ಟುಕೊಡುವ ಯೋಚನೆ ಅವಳಿಗೆ ಇರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ತ್ಯಾಗಮಯಿ ಎಂದೆಲ್ಲ ಯಾರೂ ಅವಳಿಗೆ ಬಿರುದು ಕೊಡುವುದು ಬೇಡ. ಇದೇ ಕೈ, ಇದೇ ಕಣ್ಣು, ನಾಲ್ಕು ವಾರದಿಂದ ಇದೇ ಊರು. ಇವತ್ತು ಬಗ್ಗಬಹುದು, ಯಾಕಾಗಬಾರದು ಎಂದುಕೊಂಡೇ ಅವಳು ಮೌಸು ಹಿಡಿದಳು.

ಬಗ್ಗಲಿಲ್ಲ. ಎರಡನೇ ಆಟದಲ್ಲಿ ಗುಂಡುಗಳೆಲ್ಲ ಗೋಡೆಯ ಪಾಲಾದವು. “ಏನಾಯ್ತಕ್ಕ? ಬಲಗಡೆ! ಬಲಗಡೆ!” ಎಂದು ಗಡ್ಡ ಅರಚಿದ. ಪುಟ್ಟ ತನ್ನ ಜಾಗ ಬಿಟ್ಟು ಅವಳ ಮುಂದೆ ಬಂದು ನಿಂತು, ಅವಳಿಗೆ ಬರುವ ಗುಂಡು ತಾನು ತಿನ್ನತೊಡಗಿದ.

“ನಿನ್ನ ಜಾಗಕ್ಕೆ ಹೋಗು,” ಎಂದಳು ಅವಳು ಹಲ್ಲು ಕಚ್ಚಿ.

“ಅಕ್ಕ, ನಾನಿಲ್ಲೇ…”

“ಹೋಗು ಅಂದೆ!”

ಆಟ ಸೋತರು. ಮೂರನೆಯದರ ಕೊನೆಯ ಸುತ್ತಿನಲ್ಲಿ ಉಳಿದವರೆಲ್ಲ ಸತ್ತು ಅಕ್ಕ ಒಬ್ಬಳೇ ಉಳಿದಳು. ಎದುರಿಗೆ ಇಬ್ಬರು. ಮೊದಲನೆಯವನು ತಿರುವಿಗೆ ಬರುವ ಹೆಜ್ಜೆಯ ಸದ್ದು ಕೇಳಿತು. ಅವಳ ಬೆರಳು ತಾನಾಗಿ ಒತ್ತಲು ಹೊರಟಿತು. ತಡಿ, ಎಂದಳು ಅವಳು ಬೆರಳಿಗೆ. ತಡಿ. ಇನ್ನೂ ತಡಿ. ಅವನು ಹೊರಗೆ ಬಂದ. ಒತ್ತಿದಳು. ಅವನು ಬಿದ್ದ.

ತಾಗಿತು! ಸುಳ್ಳಿಲ್ಲದೆ, ನಾಲ್ಕು ಎಂಬ ಅಂಕಿಯ ಕೆಳಗೆ, ಅವಳ ಸ್ವಂತ ಕೈಯಿಂದ ತಾಗಿತು. ಆ ಖುಷಿ ಎದೆಗೆ ಬರುವಷ್ಟರಲ್ಲಿ ಎರಡನೆಯವನ ಹೆಜ್ಜೆ ಕೇಳಿಸಿತು. ಖುಷಿಯಲ್ಲಿ ಬೆರಳು ಹಳೆಯ ದಾರಿ ಹಿಡಿಯಿತು, ಮುಂಚೆ ಒತ್ತಿತು. ಗುಂಡು ಗೋಡೆಗೆ ಹೋಯಿತು. ಅವನು ಹೊರಬಂದು ನಿಧಾನವಾಗಿ ಗುರಿಯಿಟ್ಟು ಅವಳನ್ನು ಹೊಡೆದ.

ಗಡ್ಡ ಹೆಡ್‌ಫೋನನ್ನು ಮೇಜಿಗೆ ಕುಕ್ಕಿದ. “ಮುಗೀತು. ಅಜ್ಜಿ ವಾಪಸ್ ಬಂದ್ಲು,” ಎಂದ, ಈ ಸಲ ಎದುರಿಗೇ.

ಕೋಚ್ ತನ್ನ ಮೇಜಿನಿಂದ ಎದ್ದು ಬಂದು ಅವಳ ಎದುರು ನಿಂತ. “ಮೊದಲನೇ ಆಟದಲ್ಲಿ ಬೆಂಕಿ. ಆಮೇಲೆ ತಣ್ಣೀರು. ಹತ್ತೇ ನಿಮಿಷದಲ್ಲಿ ಏನಮ್ಮ ಆಗಿದ್ದು? ಹುಷಾರಿಲ್ವಾ? ಏನಾದ್ರೂ ಇದ್ರೆ ಈಗ್ಲೇ ಹೇಳು.”

ಅಕ್ಕ ತಮ್ಮನ ಕಡೆ ನೋಡಲಿಲ್ಲ. “ಏನಿಲ್ಲ ಸರ್. ಹುಷಾರಾಗಿದ್ದೀನಿ.”

“ಹಾಗಾದ್ರೆ ನನ್ಮೇಲೆ ಬೇಜಾರು ಮಾಡ್ಕೋಬೇಡ.”

“ಬೇಜಾರಿದೆ ಸರ್. ಆದ್ರೂ ನನ್ನ ಜಾಗಕ್ಕೆ ಆ ಹುಡುಗಿ ಹೆಸರು ಬರೀರಿ.”

ಅವನು ಬರೆದ. ಐದೂವರೆಗೆ ಪಟ್ಟಿ ಹೋಯಿತು. ಅಕ್ಕ ನಡುಮನೆಯಾಚೆಗೆ ಹೋಗಿ, ತಾನು ಎಳೆದು ಹಾಕಿದ್ದ ಕುರ್ಚಿಯಲ್ಲಿ ಕೂತಿದ್ದ ಮೌನಗೌರಿಗೆ ಒಳಗೆ ಬರುವಂತೆ ಹೇಳಿದಳು. ಪುಸ್ತಕದ ವಿಚಾರಕ್ಕೆ ಏನಾದರೂ ಅನ್ನಬೇಕೆಂದು ಬಾಯಿಗೆ ಬಂತು, ಆಡಲಾಗಲಿಲ್ಲ. ಹುಡುಗಿ ಎದ್ದವಳು ಅವಳನ್ನು ನೇರವಾಗಿ ನೋಡಿ, ಆ ಮನೆಯಲ್ಲಿ ಮೊದಲ ಬಾರಿ ಒಂದು ಪೂರ್ತಿ ವಾಕ್ಯ ಆಡಿದಳು.

“ನಿಮ್ಮ ಹತ್ರ ಕಲಿಯೋಕೆ ಬಂದಿದ್ದೆ ಅಕ್ಕ. ಇನ್ನು ಬೇಡ.”

ಅಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಆರಕ್ಕೆ ಅಮ್ಮನ ಫೋನು ಬಂತು, ಪುಟ್ಟನಿಗೆ. ಅವನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಕೆನ್ನೆ ಇನ್ನೂ ಕೆಂಪಗಿತ್ತು. ಫೋನಿನಿಂದ ಅಮ್ಮನ ದನಿ ನಡುಮನೆಯವರೆಗೂ ಕೇಳುತ್ತಿತ್ತು.

“ಪಟ್ಟಿ ಕಳಿಸಿದ್ರೇನೋ? ಇಬ್ಬರೂ ಇದ್ದೀರಲ್ಲ? ಯಾಕೋ ದನಿ ಹೀಗಿದೆ?”

“ಅಮ್ಮ, ಅಕ್ಕಂಗೆ ಕೈ ನೋವು,” ಎಂದ ಪುಟ್ಟ. “ಅದಕ್ಕೆ ಈ ಸಲ ಅವಳು…”

ಅಕ್ಕ ಫೋನು ಕಿತ್ತುಕೊಂಡಳು.

“ಕೈ ನೋವೂ ಇಲ್ಲ, ಕಾಲು ನೋವೂ ಇಲ್ಲಮ್ಮ. ಅವನು ಪಟ್ಟೀಲಿದ್ದಾನೆ. ನಾನಿಲ್ಲ. ಸೋತೆ.”

“ಅಯ್ಯೋ, ನಿನ್ನನ್ನ ಯಾರೇ ಸೋಲಿಸಿದ್ದು?”

ಪುಟ್ಟ ತಲೆಯೆತ್ತಿ ನೋಡಿದ. ಅವನ ಬಾಯಿ ತೆರೆದೇ ಇತ್ತು. ಹೇಳಿಬಿಡು, ಎಲ್ಲ ಹೇಳಿಬಿಡು ಎಂದು ಬೇಡುವ ಹಾಗಿತ್ತು ಆ ಮುಖ.

“ಯಾರೂ ಅಲ್ಲ. ನಾನೇ ಸೋತೆ,” ಎಂದಳು ಅಕ್ಕ. “ಇನ್ಮೇಲೆ ನನ್ನ ನೋಡ್ಕೋ ಅಂತ ಇವನಿಗೆ ಹೇಳ್ಬೇಡಮ್ಮ. ಕೈ ಮುಗಿದು ಕೇಳ್ತೀನಿ, ಇನ್ನೊಂದು ಸಲ ಹೇಳ್ಬೇಡ.”

ಫೋನನ್ನು ತಮ್ಮನ ಮಡಿಲಿಗೆ ಹಾಕಿ, ಅವನನ್ನು ದಾಟಿಕೊಂಡು ಮೇಲೆ ಹೋದಳು.